ವರ್ಗಾಂತರವನ್ನು ಮಕ್ಕಳೇ ಆರಿಸಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಮೈಸೂರು ಜಿಲ್ಲೆಯ ಪಶ್ಚಿಮಕ್ಕಿರುವ ಈ ನಾಲ್ಕು ತಾಲ್ಲೂಕುಗಳ ಜನ ವರ್ಷದಲ್ಲಿ ಹಲವು ಸಲ ಒಂದೊಂದು ಅಂಕಿಗಾಗಿ ಕಾಯುತ್ತಾರೆ. ಹೊಗೆಸೊಪ್ಪಿನ ಹರಾಜು ಶುರುವಾದರೆ ಆ ದಿನದ ಸರಾಸರಿ ಬೆಲೆ ಎಷ್ಟೆಂದು ಕೇಳುತ್ತಾರೆ. ಮುಂಗಾರು ಮುಗಿಯುವ ಹೊತ್ತಿಗೆ ವಾಡಿಕೆಗಿಂತ ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಡಿಮೆ ಮಳೆ ಬಿತ್ತೆಂದು ಪತ್ರಿಕೆಯಲ್ಲಿ ಹುಡುಕುತ್ತಾರೆ. ಭತ್ತಕ್ಕೆ ಬೆಳೆ ವಿಮೆ ಕಟ್ಟಿದವರಿಗೆ ಪಂಚಾಯಿತಿಯ ಸರಾಸರಿ ಇಳುವರಿಯೇ ಹಣೆಬರಹ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತಾಲ್ಲೂಕಿನ ಶೇಕಡಾವಾರು ಏರಿತೋ ಇಳಿಯಿತೋ ಎಂಬ ಚರ್ಚೆ. ಈ ಒಂದೊಂದು ಅಂಕಿಯ ಹಿಂದೆಯೂ ಸಾವಿರಾರು ಬೇರೆ ಬೇರೆ ಅಂಕಿಗಳಿವೆ. ಅವನ್ನೆಲ್ಲ ಕೂಡಿಸಿ, ಭಾಗಿಸಿ, ಒಂದೇ ಸಂಖ್ಯೆಗೆ ಇಳಿಸಿದಾಗ ಏನು ಕಳೆದುಹೋಯಿತೆಂದು ನೋಡುವ ಸಾಧನವೊಂದನ್ನು ನಮ್ಮ ಮಕ್ಕಳಿಗೆ ಒಂಬತ್ತನೇ ತರಗತಿಯಲ್ಲೇ ಕಲಿಸುತ್ತೇವೆ. ಅದೇ ಹಿಸ್ಟೋಗ್ರಾಂ. ಆದರೆ ಅದನ್ನು ಸಾಧನವೆಂದು ಕಲಿಸುವುದಿಲ್ಲ, ಚಿತ್ರ ಬರೆಯುವ ಕಸರತ್ತೆಂದು ಕಲಿಸುತ್ತೇವೆ. ಪೆನ್ಸಿಲ್ ಚೂಪಾಗಿರಲಿ, ಸ್ತಂಭಗಳ ನಡುವೆ ಜಾಗ ಬಿಡಬೇಡಿ, ಪ್ರಮಾಣ ಬರೆಯುವುದನ್ನು ಮರೆಯಬೇಡಿ, ಮುಗಿಯಿತು.

ನನ್ನ ವಾದ ಇಷ್ಟೇ. ಹಿಸ್ಟೋಗ್ರಾಂನ ಜೀವ ಇರುವುದು ವರ್ಗಾಂತರದ ಆಯ್ಕೆಯಲ್ಲಿ. ಹರಡಿಬಿದ್ದ ಅಂಕಿಗಳನ್ನು ಎಷ್ಟೆಷ್ಟು ಅಗಲದ ಗುಂಪುಗಳಾಗಿ ಕತ್ತರಿಸಬೇಕು ಎಂಬ ತೀರ್ಮಾನದಲ್ಲಿ. ನಮ್ಮ ಪ್ರಶ್ನೆಪತ್ರಿಕೆಗಳು ಆ ತೀರ್ಮಾನವನ್ನು ಮಗುವಿನ ಕೈಗೆ ಕೊಡುವುದೇ ಇಲ್ಲ. 10–20, 20–30 ಎಂದು ಸಿದ್ಧ ಪಟ್ಟಿ ಕೊಟ್ಟು, ಪಕ್ಕದಲ್ಲಿ ಆವೃತ್ತಿಯನ್ನೂ ಎಣಿಸಿಟ್ಟು, ಇದನ್ನು ನಕ್ಷಾಹಾಳೆಗೆ ಇಳಿಸಿ ಎನ್ನುತ್ತವೆ. ವರ್ಗಾಂತರವನ್ನು ಒಮ್ಮೆಯೂ ತಾನೇ ಆರಿಸದ ವಿದ್ಯಾರ್ಥಿ ಹಿಸ್ಟೋಗ್ರಾಂ ಕಲಿತಿದ್ದಾನೆ ಎನ್ನುವುದು ಆತ್ಮವಂಚನೆ. ಈ ಪಾಠವನ್ನು ಸರಿಪಡಿಸಲು ಹೊಸ ಪುಸ್ತಕವಾಗಲಿ, ಕಂಪ್ಯೂಟರ್ ಲ್ಯಾಬ್ ಆಗಲಿ ಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ದಿನವೂ ದಾಖಲಾಗುವ ಅಂಕಿಗಳೇ ಸಾಕು.

ಹೊಗೆಸೊಪ್ಪಿನಿಂದಲೇ ಶುರು ಮಾಡೋಣ. 1975ರ ಕಾಯ್ದೆಯಡಿ 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿಯ ಕೇಂದ್ರ ಕಚೇರಿ ಇರುವುದು ಗುಂಟೂರಿನಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಎಂಬ ಹೆಸರುಗಳು ಹೊರಗಿನವರಿಗೆ ಬರಿಯ ಊರುಗಳು. ಬೆಳೆಗಾರರಿಗೆ ಅವು ಹರಾಜು ಮಾರುಕಟ್ಟೆಗಳು. ಬ್ಯಾರನ್‌ನಲ್ಲಿ ಬೇಯಿಸಿ ಹದ ಮಾಡಿದ ವರ್ಜೀನಿಯಾ ಸೊಪ್ಪು ಬೇಲ್‌ಗಳಾಗಿ ಅಲ್ಲಿಗೆ ಬರುತ್ತದೆ. ಪ್ರತಿ ಬೇಲ್‌ಗೂ ಒಂದು ಸಂಖ್ಯೆ, ಒಂದು ತೂಕ, ಒಂದು ದರ್ಜೆ, ಕೊನೆಗೆ ಒಂದು ಬೆಲೆ. ಬುಡದ ಎಲೆ, ನಡುವಿನ ಎಲೆ, ತುದಿಯ ಎಲೆ ಒಂದೇ ದರಕ್ಕೆ ಹೋಗುವುದಿಲ್ಲ. ಬೇಯಿಸುವಾಗ ಉರಿ ಹೆಚ್ಚುಕಡಿಮೆಯಾಗಿ ಬಣ್ಣ ಕೆಟ್ಟರೂ ದರ ಇಳಿಯುತ್ತದೆ. ಕೊಳ್ಳುವವರೇ ಇಲ್ಲದೆ ‘ನೋ ಬಿಡ್’ ಆಗಿ ವಾಪಸಾಗುವ ಬೇಲ್‌ಗಳೂ ಉಂಟು. ಇಷ್ಟೆಲ್ಲ ವೈವಿಧ್ಯದಿಂದ ಸಂಜೆಗೆ ಹೊರಬೀಳುವುದು ಮೂರು ಅಂಕಿ: ಗರಿಷ್ಠ, ಕನಿಷ್ಠ, ಸರಾಸರಿ. ಬೆಲೆ ಕುಸಿಯಿತೆಂದು ರೈತರು ಹರಾಜು ನಿಲ್ಲಿಸಿ ರಸ್ತೆಗಿಳಿದಾಗ ಅತ್ತ ಕಂಪನಿಗಳು ತೋರಿಸುವುದು ಸರಾಸರಿಯನ್ನು, ಇತ್ತ ರೈತ ತೋರಿಸುವುದು ತನ್ನ ಕೈಯಲ್ಲಿರುವ ಚೀಟಿಯನ್ನು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ಎನ್ನುವುದೇ ಇಲ್ಲಿನ ಗಣಿತ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಬ್ಬರು ಬೆಳೆಗಾರರು, ತಲಾ ಹತ್ತು ಬೇಲ್, ಎಲ್ಲದರ ತೂಕವೂ ಒಂದೇ. ಮೊದಲನೆಯವರ ಹತ್ತೂ ಬೇಲ್ ಕೆ.ಜಿ.ಗೆ 200ರಿಂದ 220 ರೂಪಾಯಿಯ ಒಳಗೆ ಮಾರಿ, ಸರಾಸರಿ 210 ಬಂತು. ಎರಡನೆಯವರ ಐದು ಬೇಲ್ 270ರ ಆಸುಪಾಸು, ಉಳಿದ ಐದು 150ರ ಆಸುಪಾಸು. ಅವರ ಸರಾಸರಿಯೂ 210. ಕಾಗದದ ಮೇಲೆ ಇಬ್ಬರೂ ಸಮ. ಆದರೆ ಎರಡನೆಯವರ ಒಂದೇ ಒಂದು ಬೇಲೂ 210ರ ಹತ್ತಿರ ಸುಳಿದಿಲ್ಲ. ಅವರ ಸಮಸ್ಯೆ ಮಾರುಕಟ್ಟೆಯ ಬೆಲೆಯದ್ದಲ್ಲ, ಅರ್ಧ ಬೆಳೆಯ ದರ್ಜೆಯದ್ದು. ಅದಕ್ಕೆ ಪರಿಹಾರವೂ ಬೇರೆ. ಈ ವ್ಯತ್ಯಾಸವನ್ನು ಸರಾಸರಿ ಹೇಳುವುದಿಲ್ಲ. ಗರಿಷ್ಠ–ಕನಿಷ್ಠಗಳು ಅರ್ಧಂಬರ್ಧ ಹೇಳುತ್ತವೆ. ಹಿಸ್ಟೋಗ್ರಾಂ ಬರೆದರೆ ಒಂದೇ ನೋಟಕ್ಕೆ ಕಾಣುತ್ತದೆ: ಮೊದಲನೆಯವರದು ಒಂದು ದಿಬ್ಬ, ಎರಡನೆಯವರದು ನಡುವೆ ಬರಿದಾಗಿರುವ ಎರಡು ದಿಬ್ಬ. ಆದರೆ ಅದೂ ವರ್ಗಾಂತರ ಸರಿಯಾಗಿದ್ದರೆ ಮಾತ್ರ. 20 ರೂಪಾಯಿಯ ಅಗಲ ಹಿಡಿದರೆ ವ್ಯತ್ಯಾಸ ಢಾಳಾಗಿ ಎದ್ದು ಕಾಣುತ್ತದೆ. 100ರಿಂದ 300ರವರೆಗೆ ಒಂದೇ ವರ್ಗ ಮಾಡಿದರೆ ಇಬ್ಬರ ಚಿತ್ರವೂ ಹತ್ತು ಎತ್ತರದ ಒಂಟಿ ಸ್ತಂಭ. ಇನ್ನೊಂದು ತುದಿಗೆ ಹೋಗಿ ಒಂದೊಂದು ರೂಪಾಯಿಗೆ ಒಂದು ವರ್ಗ ಮಾಡಿದರೆ ಅಲ್ಲೊಂದು ಇಲ್ಲೊಂದು ಗೀಟು ಬಿಟ್ಟರೆ ಆಕಾರವೇ ಮೂಡುವುದಿಲ್ಲ. ಜರಡಿಯ ಕಣ್ಣು ದೊಡ್ಡದಾದರೆ ಕಾಳಿನ ಜೊತೆ ಕಲ್ಲೂ ಇಳಿಯುತ್ತದೆ, ತೀರಾ ಸಣ್ಣದಾದರೆ ಕಾಳೂ ಮೇಲೆಯೇ ಉಳಿಯುತ್ತದೆ. ಯಾವ ಜರಡಿ ಬೇಕೆಂಬುದು ಏನನ್ನು ಬೇರ್ಪಡಿಸಬೇಕಾಗಿದೆ ಎನ್ನುವುದರ ಮೇಲೆ ನಿಂತಿದೆ.

ಈ ಆಯ್ಕೆಗೆ ಸೂತ್ರವಿಲ್ಲವೇ ಎಂದು ಕೇಳಬಹುದು. ಇದೆ, ಒಂದಲ್ಲ ಹಲವು. 1926ರಲ್ಲಿ ಹರ್ಬರ್ಟ್ ಸ್ಟರ್ಜಸ್ ಎಂಬಾತ ಕೊಟ್ಟ ಸೂತ್ರದ ಪ್ರಕಾರ 40 ಅಂಕಿಗಳಿಗೆ ಆರೇಳು ವರ್ಗ, 1000 ಅಂಕಿಗಳಿಗೆ ಸುಮಾರು ಹನ್ನೊಂದು ವರ್ಗ. ಒಂದೇ ದಿಬ್ಬವಿರುವ ಸೌಮ್ಯ ಅಂಕಿಗಳಿಗೆ ಅದು ಪರವಾಗಿಲ್ಲ. ಒಂದೇ ಕಡೆಗೆ ವಾಲಿದ, ಎರಡು ದಿಬ್ಬಗಳಿರುವ ಅಂಕಿಗಳಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆ ಬಳಿಕ ಬಂದ ಸೂತ್ರಗಳಿಗೂ ಅವುಗಳದೇ ಮಿತಿಗಳಿವೆ. ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಹಿಸ್ಟೋಗ್ರಾಂಗೆ ಹೆಸರಿಟ್ಟು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದರೂ ವರ್ಗಾಂತರದ ಅಗಲ ಇಂದಿಗೂ ವಿವೇಚನೆಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಶಾಲಾ ಗಣಿತದಲ್ಲಿ ವಿವೇಚನೆಗೆ ಬಿಟ್ಟ ವಿಷಯಗಳು ಎಷ್ಟಿವೆ ಹೇಳಿ? ಬೆರಳೆಣಿಕೆಯಷ್ಟು. ಅಂಥ ಒಂದು ಅಪರೂಪದ ಅವಕಾಶವನ್ನೂ ನಾವು ಮೊದಲೇ ಭರ್ತಿ ಮಾಡಿದ ಪಟ್ಟಿ ಕೊಟ್ಟು ಮುಚ್ಚಿಬಿಟ್ಟಿದ್ದೇವೆ.

ಪುಸ್ತಕವನ್ನು ಪೂರ್ತಿ ದೂರುವುದು ನ್ಯಾಯವಲ್ಲ. ಹಲವು ವರ್ಷ ಬಳಕೆಯಾದ, ನಮ್ಮ ರಾಜ್ಯದ ಪುಸ್ತಕಕ್ಕೂ ಮೂಲವಾದ ಎನ್‌ಸಿಇಆರ್‌ಟಿಯ 9ನೇ ತರಗತಿ ಗಣಿತದಲ್ಲಿ ಹಿಸ್ಟೋಗ್ರಾಂ ಭಾಗವನ್ನು ಬರೆದವರು ಯೋಚಿಸಿಯೇ ಬರೆದಿದ್ದಾರೆ. 90 ವಿದ್ಯಾರ್ಥಿಗಳ ಅಂಕಗಳ ಉದಾಹರಣೆಯಲ್ಲಿ ಮೊದಲ ವರ್ಗ 0–20, ಕೊನೆಯದು 70–100, ನಡುವಿನವೆಲ್ಲ ಹತ್ತು ಹತ್ತು. ಕೊನೆಯ ವರ್ಗದಲ್ಲಿ 8 ಮಂದಿ. ಎತ್ತರವನ್ನೇ 8 ಎಂದು ಬರೆದರೆ ಅಗಲ ಮೂರು ಪಟ್ಟು ಇರುವುದರಿಂದ ಆ ಆಯತ ಕಣ್ಣಿಗೆ ದೊಡ್ಡದಾಗಿ ಕಂಡು ಮೋಸವಾಗುತ್ತದೆ; ಆದ್ದರಿಂದ ಎತ್ತರವನ್ನು 2.67ಕ್ಕೆ ಇಳಿಸಬೇಕು, ಮೊದಲ ವರ್ಗದ 7 ಮಂದಿಗೆ 3.5ರ ಎತ್ತರ ಸಾಕು ಎಂದು ಪುಸ್ತಕ ತಪ್ಪು ಚಿತ್ರವನ್ನೂ ಸರಿ ಚಿತ್ರವನ್ನೂ ಎದುರುಬದುರು ಇಟ್ಟು ತೋರಿಸುತ್ತದೆ. ಹಿಸ್ಟೋಗ್ರಾಂನಲ್ಲಿ ಲೆಕ್ಕಕ್ಕೆ ಬರುವುದು ಎತ್ತರವಲ್ಲ, ವಿಸ್ತೀರ್ಣ ಎಂಬ ತಿರುಳು ಅಲ್ಲಿದೆ. 40 ಎಲೆಗಳ ಉದ್ದದ ಅಭ್ಯಾಸದಲ್ಲಿ, ಹೆಚ್ಚಿನ ಎಲೆಗಳು 153 ಮಿ.ಮೀ. ಉದ್ದವಿವೆ ಎನ್ನುವುದು ಸರಿಯೇ, ಏಕೆ ಎಂಬ ಪ್ರಶ್ನೆಯೂ ಇದೆ. ಇದು ನಿಜವಾದ ಓದಿನ ಪ್ರಶ್ನೆ. ಎತ್ತರದ ಸ್ತಂಭ 145–153ರ ವರ್ಗದ್ದು, ಅದರೊಳಗೆ ಯಾವ ಎಲೆ ಎಷ್ಟುದ್ದ ಎಂಬುದು ಗುಂಪು ಮಾಡಿದ ಕ್ಷಣವೇ ಮರೆಯಾಗಿದೆ ಎಂದು ಮಗು ಹೇಳಬೇಕು. ಆದರೆ ಇಲ್ಲೂ ವರ್ಗಗಳನ್ನು ಮೊದಲೇ ಕತ್ತರಿಸಿ ಕೊಟ್ಟಾಗಿದೆ. ಇನ್ನು ಸಾಮಗ್ರಿಯಂತೂ 400 ನಿಯಾನ್ ದೀಪಗಳ ಆಯುಸ್ಸು, ಸ್ಥಳೀಯ ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿದ 100 ಕುಲನಾಮಗಳ ಅಕ್ಷರಗಳ ಸಂಖ್ಯೆ. ಹೆಸರಿನ ಮುಂದೆ ತಂದೆಯ, ಊರಿನ ಇನಿಶಿಯಲ್ ಹಾಕಿಕೊಳ್ಳುವ ನಮ್ಮ ಸೀಮೆಯ ಮಗುವಿಗೆ ಕುಲನಾಮವೂ ಅಪರಿಚಿತ, ಡೈರೆಕ್ಟರಿಯಂತೂ ಅದು ಹುಟ್ಟುವ ಮೊದಲೇ ಮನೆಗಳಿಂದ ಮಾಯವಾದ ವಸ್ತು.

ಅಸಮಾನ ವರ್ಗಾಂತರದ ಈ ಪಾಠಕ್ಕೆ ಇಲ್ಲಿನ ನೆಲದಲ್ಲೇ ಇರುವ ಉದಾಹರಣೆ ಜಮೀನು. ಕೃಷಿ ಗಣತಿಯಲ್ಲಿ ಹಿಡುವಳಿಗಳನ್ನು ಐದು ಗುಂಪು ಮಾಡುತ್ತಾರೆ: ಒಂದು ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅತಿಸಣ್ಣ, ಒಂದರಿಂದ ಎರಡು ಸಣ್ಣ, ಎರಡರಿಂದ ನಾಲ್ಕು ಅರೆ ಮಧ್ಯಮ, ನಾಲ್ಕರಿಂದ ಹತ್ತು ಮಧ್ಯಮ, ಹತ್ತು ಮೀರಿದರೆ ದೊಡ್ಡದು. ಅಗಲಗಳು ಒಂದು, ಒಂದು, ಎರಡು, ಆರು; ಕೊನೆಯದಕ್ಕೆ ಮೇಲಿನ ಗಡಿಯೇ ಇಲ್ಲ. 2015–16ರ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇ 68.45 ಅತಿಸಣ್ಣ, ಶೇ 17.62 ಸಣ್ಣ, ಶೇ 9.55 ಅರೆ ಮಧ್ಯಮ, ಶೇ 3.80 ಮಧ್ಯಮ, ಶೇ 0.57 ದೊಡ್ಡವು. ಇದನ್ನು ಐದು ಸಮ ಅಗಲದ ಸ್ತಂಭಗಳಾಗಿ ಚಿತ್ರಿಸುವುದು ವರದಿಗಳಲ್ಲೂ ಪತ್ರಿಕೆಗಳಲ್ಲೂ ರೂಢಿ. ಹಿಸ್ಟೋಗ್ರಾಂ ಆಗಿ ಬರೆದು ನೋಡಿ. ಹೆಕ್ಟೇರ್‌ಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಎತ್ತರಗಳು 68.45, 17.62, 4.78, 0.63. ಮೂರನೆಯ ಸ್ತಂಭ ಅರ್ಧಕ್ಕೆ ಇಳಿಯಿತು, ನಾಲ್ಕನೆಯದು ನೆಲಕ್ಕೇ ಅಂಟಿತು, ಐದನೆಯದನ್ನು ಎಲ್ಲಿಯವರೆಗೆ ಎಳೆಯಬೇಕೆಂದು ನಾವೇ ತೀರ್ಮಾನಿಸಬೇಕು. ಎಡಕ್ಕೆ ಗೋಡೆಯಂತೆ ಎದ್ದು ಬಲಕ್ಕೆ ಉದ್ದನೆಯ ತೆಳು ಬಾಲ ಎಳೆದ ಆಕಾರ ಅದು. ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಅಂದರೆ ಅತಿಸಣ್ಣ ಎಂಬ ಇಡೀ ಮೊದಲ ವರ್ಗ ಸರಾಸರಿಯ ಕೆಳಗೇ ಬಿತ್ತು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹಿಡುವಳಿಗಳು ಸರಾಸರಿಗಿಂತ ಚಿಕ್ಕವು. ಕರ್ನಾಟಕದ ಸರಾಸರಿ 1.36 ಹೆಕ್ಟೇರ್. ಸರಾಸರಿ ರೈತನೆಂದರೆ ನಡುವಿನ ರೈತ ಎಂದು ತಿಳಿದವರು ಈ ಚಿತ್ರವನ್ನು ನೋಡಿಲ್ಲ ಎಂದೇ ಅರ್ಥ.

ಈ ಆಕಾರಕ್ಕೂ ಹುಣಸೂರಿಗೂ ರಾಜಕೀಯ ನಂಟಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದು ಭೂಮಿತಿಯನ್ನು ಬಿಗಿಗೊಳಿಸಿತು. ಗಣಿತದ ಮಾತಿನಲ್ಲಿ ಹೇಳುವುದಾದರೆ ಭೂಮಿತಿ ಎಂಬುದು ಹಿಸ್ಟೋಗ್ರಾಂನ ಬಲಗಡೆಯ ಬಾಲಕ್ಕೆ ಹಾಕಿದ ಗೆರೆ. ಇಂಥ ಕಾನೂನು ಸರಾಸರಿ ಹಿಡುವಳಿಯನ್ನು ಹಿಗ್ಗಿಸಲು ಬಂದದ್ದಲ್ಲ, ಹಂಚಿಕೆಯ ಆಕಾರವನ್ನು ಬದಲಿಸಲು ಬಂದದ್ದು. ಅದು ಗೆದ್ದಿತೇ ಸೋತಿತೇ ಎಂದು ಸರಾಸರಿ ನೋಡಿ ಹೇಳುವುದು ಸಾಧ್ಯವೇ ಇಲ್ಲ. ಸಮಾಜ ವಿಜ್ಞಾನದ ಪಾಠದಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಒಂದು ಸಾಲು ಓದಿಸಿ, ಗಣಿತದಲ್ಲಿ ನಿಯಾನ್ ದೀಪ ಎಣಿಸುವ ಶಾಲೆಯಲ್ಲಿ ಈ ಎರಡು ಪಾಠಗಳು ಒಂದನ್ನೊಂದು ಭೇಟಿಯಾಗುವುದೇ ಇಲ್ಲ.

ಕೆ.ಆರ್.ನಗರದ ಭತ್ತದ ಬಯಲಿಗೆ ಬಂದರೆ ಸರಾಸರಿ ನೇರವಾಗಿ ಜೇಬಿಗೇ ಕೈ ಹಾಕುತ್ತದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ವಿಮಾ ಘಟಕ ಗ್ರಾಮ ಪಂಚಾಯಿತಿ. ಆಯ್ದ ಕೆಲವು ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ ಪಂಚಾಯಿತಿಯ ಸರಾಸರಿ ಇಳುವರಿ ತೆಗೆಯುತ್ತಾರೆ. ಹಿಂದಿನ ವರ್ಷಗಳ ಇಳುವರಿಯಿಂದ ಕಟ್ಟಿದ ಒಂದು ಮಿತಿಗಿಂತ ಅದು ಕೆಳಗಿಳಿದರೆ ಪಂಚಾಯಿತಿಯ ಆ ಬೆಳೆಯ ವಿಮೆದಾರರಿಗೆಲ್ಲ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. ಆಲಿಕಲ್ಲು, ಜಮೀನು ಮುಳುಗಡೆಯಂಥ ಸ್ಥಳೀಯ ವಿಕೋಪಗಳಿಗೆ ಬೇರೆ ದಾರಿಯಿದೆ, ಆ ಮಾತು ಪ್ರತ್ಯೇಕ. ಒಂದೇ ಪಂಚಾಯಿತಿಯಲ್ಲಿ ನಾಲೆಯ ತಲೆಗಿರುವ ಗದ್ದೆಗೆ ನೀರು ಬಂದು, ನಾಲೆಯ ಕೊನೆಯ ಗದ್ದೆ ಒಣಗಿದರೆ ಇಳುವರಿಯ ಹಿಸ್ಟೋಗ್ರಾಂಗೆ ಎರಡು ದಿಬ್ಬ ಬರುತ್ತದೆ. ಸರಾಸರಿ ಆ ಎರಡು ದಿಬ್ಬಗಳ ನಡುವಿನ, ಯಾರ ಗದ್ದೆಯೂ ಇಲ್ಲದ ಜಾಗದಲ್ಲಿ ನಿಲ್ಲುತ್ತದೆ. ಒಣಗಿದ ಗದ್ದೆಯವನಿಗೆ ಪರಿಹಾರವಿಲ್ಲ. ಯೋಜನೆಯೇ ತಪ್ಪು ಎಂದು ಇದರಿಂದ ಸಾಬೀತಾಗುವುದಿಲ್ಲ. ಪ್ರತಿ ಗದ್ದೆಯನ್ನೂ ಅಳೆಯುವ ಖರ್ಚು ಯಾವ ವಿಮೆಯೂ ತಾಳಲಾರದು. ಆದರೆ ತನಗೇಕೆ ಪರಿಹಾರ ಬರಲಿಲ್ಲವೆಂದು ರೈತನಿಗೆ ಗೊತ್ತಾಗಬೇಕಾದರೆ, ಗ್ರಾಮಸಭೆಯಲ್ಲಿ ಆತ ಸರಿಯಾದ ಪ್ರಶ್ನೆ ಕೇಳಬೇಕಾದರೆ, ಸರಾಸರಿಯ ಹಿಂದೆ ಒಂದು ಹಂಚಿಕೆ ಇರುತ್ತದೆ ಎಂಬ ತಿಳಿವಳಿಕೆ ಬೇಕು. ಅದು ಸಿಗಬೇಕಾದದ್ದು ಒಂಬತ್ತನೇ ತರಗತಿಯಲ್ಲಿ. ಆಮೇಲೆ ಓದು ಬಿಟ್ಟು ಗದ್ದೆಗಿಳಿಯುವವರಿಗೆ ಅದನ್ನು ಬೇರೆ ಯಾರೂ ಕಲಿಸುವುದಿಲ್ಲ.

ಮಳೆಯ ಕಥೆಯೂ ಇದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ದಿನದ ಮಳೆ ಎಷ್ಟೆಂದು ದಾಖಲಾಗುತ್ತದೆ. ಪತ್ರಿಕೆಯಲ್ಲಿ ಬರುವುದು ಮಾತ್ರ ‘ವಾಡಿಕೆಯಷ್ಟು ಮಳೆ’. ವಾಡಿಕೆಗಿಂತ ಶೇ 19ರಷ್ಟು ಹೆಚ್ಚುಕಡಿಮೆಯಾದರೂ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ವಾಡಿಕೆಯ ಮಳೆಯೇ. ಒಂದು ತಿಂಗಳ ಮಳೆ ಇಪ್ಪತ್ತು ದಿನ ಹದವಾಗಿ ಬಿದ್ದರೂ, ಎರಡೇ ದಿನ ರಾಚಿ ಉಳಿದ ದಿನ ಬಿಸಿಲು ಕಾದರೂ ಮೊತ್ತ ಒಂದೇ ಆಗಬಹುದು. ಸಸಿ ನಾಟಿ ಮಾಡಿದವನಿಗೆ ಇವೆರಡೂ ಒಂದೇ ಅಲ್ಲ. ದಿನದ ಮಳೆಯನ್ನು ಹಿಸ್ಟೋಗ್ರಾಂ ಮಾಡಿದರೆ ಸೊನ್ನೆಯ ಪಕ್ಕ ಎತ್ತರದ ಸ್ತಂಭ, ದೂರದಲ್ಲಿ ಒಂಟಿಯಾಗಿ ಒಂದೆರಡು ಪುಟ್ಟ ಸ್ತಂಭಗಳು ಕಾಣುತ್ತವೆ. ಎಚ್.ಡಿ.ಕೋಟೆಯಂಥ ತಾಲ್ಲೂಕಿನಲ್ಲಿ ಇದನ್ನು ವಿವರಿಸುವುದು ಇನ್ನೂ ಸುಲಭ. ವಯನಾಡಿನ ಮಳೆಗೆ ಕಬಿನಿ ತುಂಬಿ 2,284 ಅಡಿ ಮುಟ್ಟಿತೆಂದು ಸುದ್ದಿಯಾಗುತ್ತದೆ. ಅದೇ ವಾರ ತಾಲ್ಲೂಕಿನ ಪೂರ್ವದ ಒಣಭೂಮಿಯ ಹೊಲ ಮಳೆಗೆ ಬಾಯಿ ಬಿಟ್ಟಿರಲೂಬಹುದು.

ಹಿಸ್ಟೋಗ್ರಾಂ ಓದುವವರಿಗೆ ಏನೆಲ್ಲ ಸಿಗುತ್ತದೆ ಎನ್ನುವುದಕ್ಕೆ ಶಾಲೆಗೇ ಸಂಬಂಧಿಸಿದ ಪ್ರಕರಣವೊಂದಿದೆ. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ಐಸಿಎಸ್‌ಇ ಪರೀಕ್ಷೆಯ ಅಂಕಗಳನ್ನು ಅಂತರ್ಜಾಲದಿಂದ ಒಟ್ಟುಗೂಡಿಸಿ, ಒಂದೊಂದು ಅಂಕಕ್ಕೂ ಒಂದೊಂದು ಸ್ತಂಭ ಬರುವಂತೆ ಚಿತ್ರಿಸಿದ. ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆಯಲ್ಲಿ ಕೆಲವು ಅಂಕಗಳನ್ನು ಯಾರೊಬ್ಬರೂ ಪಡೆದಿರಲಿಲ್ಲ. ಚಿತ್ರದಲ್ಲಿ ಬಾಚಣಿಗೆಯ ಹಲ್ಲು ಮುರಿದ ಹಾಗೆ ಖಾಲಿ ಜಾಗಗಳು, ಪಾಸಾಗುವ ಅಂಕದ ಸ್ವಲ್ಪ ಹಿಂದೆಯೂ ಅಂಥದ್ದೇ ಬಯಲು. ಅಂಕಗಳನ್ನು ಪ್ರಕಟಣೆಗೆ ಮುಂಚೆ ಹೊಂದಿಸಲಾಗಿದೆ ಎಂಬ ಚರ್ಚೆ ದೇಶದಾದ್ಯಂತ ಎದ್ದದ್ದು ಆ ಚಿತ್ರದಿಂದ. ಗಮನಿಸಬೇಕಾದದ್ದು ಇಷ್ಟು: ಅದೇ ಅಂಕಗಳನ್ನು ನಮ್ಮ ಪಠ್ಯದ ರೂಢಿಯಂತೆ 30–40, 40–50 ಎಂದು ಹತ್ತರ ಅಗಲದಲ್ಲಿ ಗುಂಪು ಮಾಡಿದ್ದರೆ ಆ ಖಾಲಿ ಜಾಗಗಳು ಒಂದೂ ಕಾಣುತ್ತಿರಲಿಲ್ಲ. ವರ್ಗಾಂತರದ ಆಯ್ಕೆಯೇ ಅಲ್ಲಿ ಶೋಧವಾಯಿತು. ತಾಲ್ಲೂಕುಗಳನ್ನು ಶೇಕಡಾವಾರು ಫಲಿತಾಂಶದಿಂದ ಏಣಿ ಹತ್ತಿಸಿ ಇಳಿಸುವ ನಮ್ಮ ಚಾಳಿಗೂ ಇದೇ ಪಾಠ ಅನ್ವಯಿಸುತ್ತದೆ. ಗಣಿತದಲ್ಲಿ ಅನುತ್ತೀರ್ಣರಾದ ಮಕ್ಕಳು ಪಾಸಿನ ಗೆರೆಗೆ ಎರಡು ಮೂರು ಅಂಕ ದೂರದಲ್ಲಿದ್ದಾರೋ, ಸೊನ್ನೆಯ ಪಕ್ಕ ಗುಂಪುಗಟ್ಟಿದ್ದಾರೋ ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ. ಮೊದಲನೆಯವರಿಗೆ ಪರೀಕ್ಷೆಗೆ ಮುಂಚಿನ ಎರಡು ವಾರದ ವಿಶೇಷ ತರಗತಿ ಸಾಕು. ಎರಡನೆಯವರಿಗೆ ಐದನೇ ತರಗತಿಯ ಭಾಗಾಕಾರದಿಂದ ಶುರು ಮಾಡಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಶಿಕ್ಷಕರದು. ನಲವತ್ತು ನಿಮಿಷದ ಪೀರಿಯಡ್, ಮುಗಿಯದ ಸಿಲೆಬಸ್, ಕೆಲವೆಡೆ ಗಣಿತಕ್ಕೆ ಅತಿಥಿ ಶಿಕ್ಷಕರು, ಮೇಲಿಂದ ಮೇಲೆ ಇಲಾಖೆಯ ಮಾಹಿತಿ ತುಂಬುವ ಕೆಲಸ. ಇದರ ನಡುವೆ ಬೇಲ್‌ಗಳ ಬೆಲೆ ತಂದು ಗುಂಪು ಮಾಡಿಸುತ್ತಾ ಕೂರಲು ಯಾರಿಗೆ ಪುರುಸೊತ್ತು? ಒಪ್ಪಬೇಕಾದ ಮಾತು. ಆದರೆ ನಾನು ಕೇಳುತ್ತಿರುವುದು ಹೊಸ ಪಾಠವನ್ನಲ್ಲ, ಇರುವ ಪಾಠದೊಳಗಿನ ಒಂದು ಬದಲಾವಣೆಯನ್ನು. ಒಂದೇ ಬಗೆಯ ನಾಲ್ಕು ಸಿದ್ಧ ಪಟ್ಟಿಗಳನ್ನು ನಾಲ್ಕು ನಕ್ಷಾಹಾಳೆಗೆ ಇಳಿಸುವ ಬದಲು ಐವತ್ತು ಬಿಡಿ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ತರಗತಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ 10ರ ಅಗಲ, ಇನ್ನೊಂದಕ್ಕೆ 25, ಮತ್ತೊಂದಕ್ಕೆ 50 ಎಂದು ಕೊಟ್ಟರೆ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಮೂರು ಚಿತ್ರಗಳನ್ನು ಅಕ್ಕಪಕ್ಕ ಅಂಟಿಸಿದ ಮೇಲೆ ಶಿಕ್ಷಕರು ಹೆಚ್ಚು ಮಾತಾಡಬೇಕಾಗಿಯೂ ಇಲ್ಲ. ತಾಳೆ ಗುರುತು ಹಾಕುವುದು, ಅಕ್ಷಗಳಿಗೆ ಪ್ರಮಾಣ ಹಿಡಿಯುವುದು ಎಲ್ಲವೂ ಇದರೊಳಗೇ ಬರುತ್ತದೆ. ಸಂಖ್ಯಾಶಾಸ್ತ್ರ ಪುಸ್ತಕದ ಕೊನೆಯ ಭಾಗದಲ್ಲಿರುವುದರಿಂದ ವರ್ಷದ ತುದಿಯಲ್ಲಿ ಗಡಿಬಿಡಿಯಲ್ಲಿ ಮುಗಿಸುವ ಪಾಠವಾಗಿದೆ. ಅದನ್ನು ಹರಾಜಿನ ತಿಂಗಳುಗಳಿಗೆ ಹಿಂದೆ ತಂದರೆ ಅಂಕಿಗಳು ಊರಿನಲ್ಲೇ ಇರುತ್ತವೆ. ಅಧ್ಯಾಯಗಳ ಅನುಕ್ರಮ ಬದಲಿಸಿದರೆ ಬೀಜಗಣಿತಕ್ಕೇನೂ ನಷ್ಟವಿಲ್ಲ.

ಹೊಗೆಸೊಪ್ಪನ್ನು ಶಾಲೆಯೊಳಗೆ ತರುವುದೇ ತಪ್ಪು ಎನ್ನುವವರೂ ಇದ್ದಾರೆ. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುವಾಗ ಅದರ ಬೆಲೆಯನ್ನು ಪಾಠ ಮಾಡುವುದೇ ಎಂಬ ಪ್ರಶ್ನೆ. ಬೆಲೆಯ ಹಂಚಿಕೆ ಓದುವುದು ತಂಬಾಕಿನ ಪ್ರಚಾರವಲ್ಲ. ಅಪ್ಪ ಅಮ್ಮ ಬ್ಯಾರನ್‌ನಲ್ಲಿ ರಾತ್ರಿ ಕಳೆಯುವ ಮನೆಯ ಮಗುವಿನೊಂದಿಗೆ ಅದರ ಬಗ್ಗೆ ಮೌನವಾಗಿರುವುದರಿಂದ ಬೆಳೆ ಕಡಿಮೆಯಾಗುವುದೂ ಇಲ್ಲ. ಬೇರೆ ಬೆಳೆಗೆ ಹೊರಳಬೇಕೆಂದು ಸರ್ಕಾರ ಹೇಳುತ್ತಿರುವಾಗ, ಹೊಗೆಸೊಪ್ಪಿನ ಬೆಲೆಯ ಹರವನ್ನೂ ಪಿರಿಯಾಪಟ್ಟಣದ ಶುಂಠಿಯ ಬೆಲೆಯ ಹರವನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಚರ್ಚೆ ಇನ್ನೊಂದಿಲ್ಲ. ಯಾಕೆ ರೈತ ಹೊರಳುವುದಿಲ್ಲ ಎಂಬುದರ ಉತ್ತರದ ಒಂದು ಪಾಲು ಆ ಎರಡು ಚಿತ್ರಗಳ ಅಗಲದಲ್ಲಿದೆ. ಅಷ್ಟಾದರೂ ಮುಜುಗರವೆನಿಸಿದರೆ ಎಪಿಎಂಸಿಯ ದರಪಟ್ಟಿಯಿದೆ, ಮಳೆಮಾಪಕವಿದೆ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠಗಳ ಜೊತೆ ಬರುವ ‘ಮಾದರಿ’ ಬೆಲೆ ಹತ್ತನೇ ತರಗತಿಯಲ್ಲಿ ಲೆಕ್ಕ ಹಾಕಿಸುವ ಬಹುಲಕವೇ.

ಸ್ಥಳೀಯ ಅಂಕಿಗಳಿಗೆ ಅಂಟಿಕೊಂಡರೆ ಮಕ್ಕಳ ಲೋಕ ಕಿರಿದಾಗುತ್ತದೆ, ಕಂಪ್ಯೂಟರ್ ಕ್ಷಣದಲ್ಲಿ ಹಿಸ್ಟೋಗ್ರಾಂ ಬರೆದುಕೊಡುವಾಗ ಕೈಯಲ್ಲಿ ಬರೆಯುವುದೇಕೆ ಎಂಬ ಮಾತುಗಳಿಗೆ ಉತ್ತರ ಒಂದೇ. ಕಂಪ್ಯೂಟರ್ ವರ್ಗಾಂತರವನ್ನು ತಾನೇ ಆರಿಸುತ್ತದೆ. ಅದು ಆರಿಸಿದ್ದು ತಪ್ಪಿರಬಹುದೆಂದು ಅನುಮಾನಿಸಲು ಕಲಿಯಬೇಕಾದರೆ ಒಮ್ಮೆಯಾದರೂ ಆ ತೀರ್ಮಾನವನ್ನು ಕೈಯಾರೆ ಮಾಡಿರಬೇಕು. ಆ ಅಭ್ಯಾಸ ಗೊತ್ತಿರುವ ಅಂಕಿಗಳ ಮೇಲೆ ಕುದುರುತ್ತದೆ, ಯಾಕೆಂದರೆ ಚಿತ್ರ ತಪ್ಪಾದಾಗ ಮಗುವಿಗೆ ಅದು ತಪ್ಪೆಂದು ತಿಳಿಯುತ್ತದೆ. ನಿಯಾನ್ ದೀಪದ ಚಿತ್ರ ಹೇಗೆ ಬಂದರೂ ಅದಕ್ಕೇನು?

ಒಂದು ಎಚ್ಚರಿಕೆ ಮಾತ್ರ ನಿಜಕ್ಕೂ ಬೇಕು. ಸುಲಭದಲ್ಲಿ ಸಿಗುತ್ತದೆಂದು ಮಕ್ಕಳದೇ ತೂಕ, ಎತ್ತರ, ಅಂಕ, ಮನೆಯ ಜಮೀನುಗಳನ್ನು ಕಪ್ಪುಹಲಗೆಗೆ ತರಬಾರದು. ಎಚ್.ಡಿ.ಕೋಟೆಯ ಆದಿವಾಸಿ ಹಾಡಿಗಳಿಂದ ಬರುವ ಮಕ್ಕಳು ಇತರರ ಜೊತೆ ಕೂರುವ ತರಗತಿಯಲ್ಲಿ ತೂಕದ ಹಿಸ್ಟೋಗ್ರಾಂಗೆ ಎರಡು ದಿಬ್ಬ ಬಂದರೆ ಎಡಗಡೆಯ ದಿಬ್ಬದಲ್ಲಿರುವವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅದು ಆರೋಗ್ಯ ಇಲಾಖೆ ನೋಡಬೇಕಾದ ಚಿತ್ರ, ಸಹಪಾಠಿಗಳು ನೋಡಬೇಕಾದದ್ದಲ್ಲ. ಹೆಸರಿಲ್ಲದ ಬೇಲ್‌ಗಳ ಬೆಲೆ, ಯಾರದೂ ಅಲ್ಲದ ಮಳೆ, ಈ ಕೆಲಸಕ್ಕೆ ಹೇಳಿಮಾಡಿಸಿದವು.

ಉಳಿದದ್ದು ಪರೀಕ್ಷೆಯ ಮಾತು. ವರ್ಗಾಂತರ ಮಕ್ಕಳ ಆಯ್ಕೆಗೆ ಬಿಟ್ಟರೆ ಒಬ್ಬೊಬ್ಬರದು ಒಂದೊಂದು ಚಿತ್ರವಾಗುತ್ತದೆ, ಮಾದರಿ ಉತ್ತರ ಇಟ್ಟುಕೊಂಡು ಅಂಕ ಕೊಡುವುದು ಹೇಗೆ? ಕೊಡಬಹುದು. ವರ್ಗಗಳು ಒಂದರ ಮೇಲೊಂದು ಬೀಳುತ್ತಿಲ್ಲವೇ, ಎಲ್ಲ ಅಂಕಿಗಳೂ ಎಲ್ಲೋ ಒಂದೆಡೆ ಸೇರಿವೆಯೇ, ಆವೃತ್ತಿಗಳ ಮೊತ್ತ ತಾಳೆಯಾಗುತ್ತದೆಯೇ, ಈ ಅಗಲವನ್ನೇ ಯಾಕೆ ಆರಿಸಿದೆ ಎಂಬುದಕ್ಕೆ ಒಂದು ಸಾಲಿನ ಕಾರಣವಿದೆಯೇ ಎಂದು ನೋಡಿದರೆ ಸಾಕು. ಕನ್ನಡ ಪ್ರಬಂಧಕ್ಕೆ ಅಂಕ ಕೊಡಲು ಬರುವ ವ್ಯವಸ್ಥೆಗೆ ಇದು ಕಷ್ಟವಾಗಬಾರದು. ಎಸ್ಸೆಸ್ಸೆಲ್ಸಿಯಲ್ಲಿ ಕೇಳಲು ಅಂಜಿಕೆಯಾದರೆ ಒಂಬತ್ತನೇ ತರಗತಿಯ ರೂಪಣಾತ್ಮಕ ಮೌಲ್ಯಮಾಪನ ಶಾಲೆಯ ಕೈಯಲ್ಲೇ ಇದೆ. ಮೈಸೂರಿನ ಉಪನಿರ್ದೇಶಕರೂ ಈ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳೂ ತಂಬಾಕು ಮಂಡಳಿಗೆ ಒಂದು ಪತ್ರ ಬರೆದು, ಬೆಳೆಗಾರರ ಹೆಸರು ತೆಗೆದ ಒಂದು ದಿನದ ಬೇಲ್‌ವಾರು ಬೆಲೆಪಟ್ಟಿಯನ್ನು ಪ್ರೌಢಶಾಲೆಗಳಿಗೆ ತರಿಸಿಕೊಡಲಿ. ಮುಂದಿನ ಹರಾಜಿನ ಹೊತ್ತಿಗೆ ಒಂದೇ ಒಂದು ಪ್ರಶ್ನೆಯನ್ನಾದರೂ ವರ್ಗಾಂತರ ಕೊಡದೆ ಕೇಳಲಿ.